ಸಂತೆಗೆ ಹೊರಟ ಬುಟ್ಟಿಗಳು

ಮಿತ್ರರೇ, ಇವತ್ತು ಬೆಳಿಗ್ಗೆ ಮುಂಡಗೋಡದ ಬಸ್ಸು ನಮ್ಮೂರ ತಿರುವಿನಲ್ಲಿ ಬಹಳ ಹೊತ್ತು ನಿಂತಿತ್ತು. ನಮ್ಮ ಸಂಘದ ಸಿದ್ದಿ ಹೆಣ್ಣುಮಕ್ಕಳು ಭತ್ತ ಕೊಯ್ದ ತುಂಡು ಗದ್ದೆಗಳಲ್ಲಿ ತರಕಾರಿ ಬೆಳೆದು, ಮೊದಲ ಸಲ ದಲ್ಲಾಳಿಗೆ ಕೊಡದೆ ತಾವೇ ಸಂತೆಗೆ ಹೊರಟಿದ್ದರು. ಬುಟ್ಟಿಗಳನ್ನು ಕಂಡ ಕಂಡಕ್ಟರ್ ಬಾಗಿಲಿಗೆ ಅಡ್ಡ ನಿಂತ.

"ಇಷ್ಟೆಲ್ಲಾ ಇಡಾಕ ಜಾಗಾ ಇಲ್ಲ. ಹಿಂದ ದಲ್ಲಾಳಿ ಟೆಂಪೋ ಬರ್ತೈತಿ, ಅದಕ್ಕ ಹಾಕ್ರಿ."

"ಅವ ಕೊಟ್ಟಷ್ಟ ತಗೊಂಡು ಬಂದ್ರ ಮಳಿಗಾಲದಾಗ ಮಕ್ಕಳಿಗೆ ಏನ್ ಉಣ್ಣಾಕ ಹಾಕೂಣು?" ಎಂದರು ಗುಂಪಿನ ಮುಂದಿದ್ದ ಮರಿಯಾಬಾಯಿ. "ಜಾಗಾ ನಾ ಮಾಡ್ತೇನಿ. ನೀವು ಸ್ವಲ್ಪ ಸರೀರಿ."

ಬಸ್ಸು ಹತ್ತುತ್ತಲೇ ಅವರು ಒಂದೊಂದು ಸೀಟಿಗೂ ಹೋಗಿ, "ಅಕ್ಕಾರ, ಇದೊಂದು ತೊಡಿ ಮ್ಯಾಲ ಇಟ್ಕೋರಿ" ಎಂದು ಬುಟ್ಟಿ ಕೊಟ್ಟರು. ಯಾರೂ ಬೇಡವೆನ್ನಲಿಲ್ಲ. ಕೊನೆಯ ಬುಟ್ಟಿ ಕಂಡಕ್ಟರನ ಸೀಟಿನಲ್ಲಿ ಕೂತಿತು. ಅವನು ಮುಂಡಗೋಡದವರೆಗೂ ನಿಂತೇ ಟಿಕೆಟ್ ಹರಿದ.

ಮಧ್ಯಾಹ್ನದೊಳಗೆ ಎಲ್ಲ ಬುಟ್ಟಿಗಳೂ ಖಾಲಿಯಾದವು. ಮುಂದಿನ ಸಂತೆಗೂ ಇದೇ ಬಸ್ಸು ಎಂದು ಅಲ್ಲೇ ತೀರ್ಮಾನವಾಯಿತು.

ಬಸ್ಸಿನಲ್ಲಿ ಜೊತೆಗಿದ್ದ ನನ್ನ ಪಾಲಿಗೆ ಬಂದಿದ್ದು ಬದನೆಕಾಯಿ ಬುಟ್ಟಿ. ಅದನ್ನು ಹಿಡಿದು ಬಸ್ಸಿಳಿಯುತ್ತಲೇ ಒಬ್ಬರು, "ಬದನಿಕಾಯಿ ಹೆಂಗ ಕೊಟ್ರೀ?" ಎಂದು ನನ್ನನ್ನೇ ಕೇಳಿದರು. ಸಂಘದ ಕಾರ್ಯದರ್ಶಿಯಾದ ಮೇಲೆ ನನಗೆ ಸಿಕ್ಕ ಮೊದಲ ಬಡ್ತಿ ಇದು.