ಹಳ್ಳ ದಾಟಿದ ಮಿಸ್ಡ್ ಕಾಲ್

ಕಾಕಾನ ಹೊಲ ನಮ್ಮೂರು ಯರಗುಪ್ಪಿಯ ಆಚೆ, ಹಳ್ಳದ ಆ ದಂಡೆಗಿದೆ. ಹಳ್ಳ ದಾಟಿದಾಗೊಮ್ಮೆ ಮನೆಗೆ ಒಂದು ಮಿಸ್ಡ್ ಕಾಲ್ ಕೊಡುವುದು ಅವನ ರೂಢಿ. ಹೋಗುವಾಗ ಒಂದು, ಬರುವಾಗ ಒಂದು. ನಡುವೆ ಯಾವ ಬದುವಿನ ಮೇಲಿದ್ದಾನೆ, ಯಾವ ಗಿಡದ ನೆರಳಿಗೆ ಕೂತಿದ್ದಾನೆ ಎಂದು ಯಾರೂ ಕೇಳುತ್ತಿರಲಿಲ್ಲ.

ಮೊಬೈಲ್ ಜಾಲವೂ ಹೀಗೆಯೇ ನಡೆಯುತ್ತದೆ ಎಂದು ಕಾಲೇಜಿನಲ್ಲಿ ಓದಿದ್ದೆ. ಅಕ್ಕಪಕ್ಕದ ಟವರುಗಳನ್ನು ಕೂಡಿಸಿ ಒಂದು ಸೀಮೆ ಮಾಡಿರುತ್ತಾರೆ. ಸುಮ್ಮನಿರುವ ಫೋನು ಹೆಚ್ಚಾಗಿ ಆ ಸೀಮೆ ದಾಟಿದಾಗಷ್ಟೇ ಸುದ್ದಿ ಕೊಡುತ್ತದೆ. ಹೆಜ್ಜೆ ಹೆಜ್ಜೆಗೂ ಹೇಳುತ್ತ ಹೋದರೆ ಬ್ಯಾಟರಿಯೂ ಉಳಿಯದು, ಜಾಲವೂ ತಾಳದು. ಯಾರಾದರೂ ಕರೆ ಮಾಡಿದಾಗ ಸೀಮೆಯ ಟವರುಗಳು ಕೂಗುತ್ತವೆ. ಫೋನು ಓ ಎಂದ ಕಡೆಗೆ ಕರೆ ಹೋಗುತ್ತದೆ. ಇದನ್ನು ಹೇಳಿದಾಗ ಕಾಕಾ, "ನನ್ನ ಬುದ್ಧಿ ಕದ್ದಾರ ತಗೋ," ಎಂದಿದ್ದ.

ಆ ಮಧ್ಯಾಹ್ನ ನಮ್ಮಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಮಳೆ ಮೇಲೆಲ್ಲೋ ಆಗಿತ್ತು. ಹಳ್ಳಕ್ಕೆ ನೀರು ಬಂತೆಂದು ಓಣಿಯಲ್ಲಿ ಕೂಗೆದ್ದಾಗ ಕಾಕಿ ರೊಟ್ಟಿ ಬಡಿಯುವುದನ್ನು ಬಿಟ್ಟು ಫೋನು ನೋಡಿದಳು.

"ಬಂದೈತಿ ನೋಡು, ಎರಡನೇದ್ದು. ದಾಟ್ಯಾರ ನಿಮ್ಮ ಕಾಕಾ. ಕಟ್ಟಿ ಮ್ಯಾಲ ಹರಟಿ ಹೊಡಕೋತ ಕುಂತಿರ್ತಾರ."

ಕಟ್ಟೆಯ ಮೇಲಿರಲಿಲ್ಲ. ಫೋನು ಹತ್ತಲಿಲ್ಲ. ಮಂದಿ ಈ ದಂಡೆಯ ಹೊಲಗಳಲ್ಲೇ ಹುಡುಕಿದರು. ದಾಟಿದ್ದಾನಲ್ಲ, ಇಲ್ಲೇ ಇರಬೇಕು. ಠಾಣೆಯವರು ವಿಚಾರಿಸಿ ಹೇಳಿದರು: "ಫೋನು ಕಡೀಗೆ ಸಿಕ್ಕಿದ್ದು ನಿಮ್ಮೂರ ಟವರಿಗೇ ರೀ. ಆದ್ರ ಆ ಟವರು ಎರಡೂ ದಂಡಿಗೆ ಒಂದೇ."

ಕಾಕಾ ಮಿಸ್ಡ್ ಕಾಲ್ ಕೊಡುತ್ತಿದ್ದುದು ದಾಟಿದ ಮೇಲೋ, ದಾಟುವ ಮೊದಲೋ? ಕಾಕಿಯನ್ನು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ; ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು.

ಹಳ್ಳಕ್ಕೆ ಓಡಿದೆವು. ಅವನು ದಾಟುವ ಜಾಗದಲ್ಲಿ ನಿಂತು ಕೂಗಿದೆವು. ಓ ಎನ್ನಲಿಲ್ಲ. ದಂಡೆಗುಂಟ ಕೆಳಕ್ಕೆ ಸರಿಯುತ್ತ ಕೂಗುವುದು, ಸುಮ್ಮನಾಗಿ ಕಿವಿಗೊಡುವುದು, ಮತ್ತೆ ಸರಿಯುವುದು. ನೀರಿನ ಸಪ್ಪಳವೇ ಕಿವಿ ತುಂಬುತ್ತಿತ್ತು. ತಿರುವಿನ ಹತ್ತಿರ ಒಂದು ಸಿಳ್ಳೆ ಕೇಳಿತು. ರಾಡಿ ನೀರಿನ ನಡುವೆ ಕಾಕಾ ಜಾಲಿಗಿಡದ ಟೊಂಗೆ ತಬ್ಬಿ ಕೂತಿದ್ದ. ಗಿಡ ಬುಡಸಮೇತ ಅಲುಗುತ್ತಿತ್ತು. ಹಗ್ಗ ಒಗೆದರು, ಮೊದಲ ಸಲ ಅವನ ಕೈಗೆ ಸಿಗಲಿಲ್ಲ. ಎರಡನೇ ಸಲ ಸಿಕ್ಕಿತು. ನಡುವಿನ ಆ ಒಂದಿಷ್ಟು ಹೊತ್ತು ನನ್ನೊಳಗೆ ಇನ್ನೂ ಮುಗಿದಿಲ್ಲ.

ದಂಡೆಯ ಮೇಲೆ ನಡುಗುತ್ತ ಕೂತು ಅವನೆಂದ: "ಇಳಿಯೂ ಮೊದಲ ಫೋನ್ ಹಚ್ಚತೇನಿ ಬೇ. ನೀರಾಗ ಇಳದ ಮ್ಯಾಲ ಕೈ ಎಲ್ಲಿ ಖಾಲಿ ಇರತಾವ? ಒಂದರಾಗ ಧೋತರ, ಒಂದರಾಗ ಚಪ್ಪಲಿ."

"ಈಗ ಚಪ್ಪಲಿ ಎಲ್ಲದಾವ?" ಕಾಕಿ ಕೇಳಿದಳು.

"ಅವು ದಾಟಿದ್ವು."

ಈಗ ದಾಟಿ, ಮೈ ಒರೆಸಿಕೊಂಡು ಆಮೇಲೆ ಫೋನು ಹಚ್ಚುತ್ತಾನೆ. ಒಮ್ಮೆ ಬಡಿದು ನಿಂತ ಕೂಡಲೇ ನಾನು ತಿರುಗಿ ಹಚ್ಚುತ್ತೇನೆ. "ಯಾವ ದಂಡಿಗದೀ?"

"ಮನಿ ಕಡೀದಕ್ಕ. ಇಡು ತಂಗಿ, ಬ್ಯಾಟರಿ ಹೋಗತೈತಿ."

ಅವನ ಮಾತಿನ ಹಿಂದೆ ಏನೋ ಸಪ್ಪಳ ಇರುತ್ತದೆ. ಅದು ಗಾಳಿಯೋ ನೀರೋ ಗೊತ್ತಾಗುವ ತನಕ ನಾನು ಇಡುವುದಿಲ್ಲ.