ಸತ್ತವರನ್ನು ಊಟಕ್ಕೆ ಕರೆಯುವವಳು

ಆಫ್ರಿಕಾದ ಪಡುವಣ ಕರಾವಳಿಯ ಫ್ರೀಟೌನಿನ ಹಳೆಯ ಸ್ಮಶಾನದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹರ್ಮತಾನ್ ಗಾಳಿ ಮರುಭೂಮಿಯ ಧೂಳನ್ನೆಲ್ಲ ತಂದು ಸುರಿದಿದೆ, ಹತ್ತು ಮಾರು ಆಚೆಯ ಶಿಲುಬೆಯೂ ಕಾಣಿಸುವುದಿಲ್ಲ. ಆ ಮಬ್ಬಿನೊಳಗೆ ಯಾರೋ ಕಲ್ಲು ತಟ್ಟುತ್ತಿರುವ ಸದ್ದು. ಕುಳ್ಳಗಿನ ಮುದುಕಿಯೊಬ್ಬಳು ಗೋರಿಯೊಂದರ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ನೆರೆಮನೆಯ ಬಾಗಿಲು ಬಡಿಯುವಂತೆ ಗೆಣ್ಣಿನಿಂದ ಕಲ್ಲು ಬಡಿಯುತ್ತಿದ್ದಾಳೆ. ಬಾಟಲಿಯಿಂದ ಒಂದಿಷ್ಟು ನೀರು ಸುರಿಯುತ್ತಾಳೆ. ಕಿವಿಯನ್ನು ಕಲ್ಲಿಗೆ ಹಚ್ಚಿ ಕಾಯುತ್ತಾಳೆ.

"ಏಳಯ್ಯಾ, ಮಲಗಿದ್ದು ಸಾಕು. ಇವತ್ತು ನಿನ್ನ ಸೊಸೆ ಸತ್ತ ನಲವತ್ತನೇ ದಿನ. ಅಲಸಂದೆ ಬೇಯಿಸಿದಾರೆ, ಬಾಳೆಕಾಯಿ ಕರಿದಿದಾರೆ. ಹೋದ್ಸಲದ ಹಾಗೆ ಎಲ್ಲರೂ ಎದ್ದ ಮೇಲೆ ಬಂದು, ನಂಗೇನೂ ಉಳಿಸಿಲ್ಲ ಅಂತ ಮುನಿಸ್ಕೋಬೇಡ ಮತ್ತೆ."

ಹೇಳಿದವಳೇ ಎದ್ದು ಪಕ್ಕದ ಗೋರಿಗೆ ಹೋಗುತ್ತಾಳೆ. ಅಲ್ಲಿರುವುದು ಹೆಂಗಸು, ಆದ್ದರಿಂದ ಮಾತಿನಲ್ಲಿ ಸ್ವಲ್ಪ ಮರ್ಯಾದೆ ಹೆಚ್ಚು. ಕರೆಯುತ್ತಿರುವ ಈ ಮುದುಕಿಯ ಪೂರ್ತಿ ಹೆಸರು ರೆಮಿಲೆಕುನ್. ಊರಿಗೆಲ್ಲ ರೆಮಿ ಅಜ್ಜಿ. ಬಿಡುಗಡೆಯಾದ ಗುಲಾಮರ ವಂಶದ ಕ್ರಿಯೋ ಮನೆತನಗಳಲ್ಲಿ ಅವುಜೋ ನಡೆದಾಗ, ಅಂದರೆ ಅಂಗಳದಲ್ಲಿ ಗುಂಡಿ ತೋಡಿ ಸತ್ತವರಿಗೆ ಎಡೆ ಇಟ್ಟಾಗ, ಅವರನ್ನು ಹೆಸರು ಹಿಡಿದು ಕರೆಯುವುದು ಇವಳ ಕೆಲಸ. ಎಡೆ ಮುಗಿದ ಮೇಲೆ ಇವಳಿಗೆ ಸಿಗುವುದು ಒಂದು ಬಟ್ಟೆ, ಒಂದು ಬೋಗುಣಿ ಅಲಸಂದೆ. ಅಡುಗೆಯವಳನ್ನು ಎಲ್ಲರೂ ಹೊಗಳುತ್ತಾರೆ, ಕರೆದವಳನ್ನು ಮರೆಯುತ್ತಾರೆ. ಅವಳಿಗೆ ಅದರ ಬಗ್ಗೆ ದೂರಿಲ್ಲ. ಕೇಳುವ ನಮಗೇ ಕೊಂಚ ಸಿಟ್ಟು ಬರುತ್ತದೆ.

ಕರೆಯುತ್ತ ಕರೆಯುತ್ತ ಅವಳು ತಲೆಮಾರು ತಲೆಮಾರು ಹಿಂದಕ್ಕೆ ಹೋಗುತ್ತಾಳೆ. ಮೊದಲು ಈ ಊರಿನ ಮಣ್ಣಲ್ಲಿ ಮಲಗಿದವರು. ಆಮೇಲೆ ಕಡಲಾಚೆ, ಅಮೆರಿಕದ ಉತ್ತರಕ್ಕಿರುವ ನೋವಾ ಸ್ಕೋಶಿಯಾದ ಹಿಮದಿಂದ ಹಡಗಿನಲ್ಲಿ ಬಂದಿಳಿದವರು. ಅದಕ್ಕೂ ಹಿಂದೆ ಕ್ಯಾರೊಲೈನಾದ ಭತ್ತದ ಗದ್ದೆಗಳಲ್ಲಿ ಗುಲಾಮರಾಗಿದ್ದು, ಅಮೆರಿಕದವರು ಲಂಡನ್ನಿನ ರಾಜನ ಮೇಲೆ ದಂಗೆಯೆದ್ದಾಗ ಬಿಡುಗಡೆಯ ಆಸೆಗೆ ರಾಜನ ಸೈನ್ಯಕ್ಕೆ ಓಡಿಹೋದವರು. ರಾಜ ಸೋತ. ನಂಬಿ ಬಂದವರನ್ನು ಹಿಮಕ್ಕೆ ಸಾಗಿಸಿದ. ಎಲ್ಲರನ್ನೂ ಕರೆದಾದ ಮೇಲೆ ಕೊನೆಯದಾಗಿ, 'ಹೆಸರು ಗೊತ್ತಿಲ್ಲದವರೂ ಬನ್ನಿ.'

"ಅದನ್ನ ಮಾತ್ರ ಮರೀಬಾರದು," ಎನ್ನುತ್ತಾಳೆ ರೆಮಿ. "ಹೆಸರು ಗೊತ್ತಿಲ್ಲದೋರೇ ಜಾಸ್ತಿ. ಅವರಿಗೇ ಹಸಿವೂ ಜಾಸ್ತಿ."

ಈ ಕೆಲಸವನ್ನು ಅವಳಿಗೆ ಕಲಿಸಿದವಳು ಕೆಜಾಯಾ ಎಂಬ ಮುದುಕಿ. ಅವಳ ವಿಷಯ ಬಂದರೆ ರೆಮಿಯ ದನಿ ತಗ್ಗುತ್ತದೆ. ಕರೆದ ದನಿಯನ್ನು ಸತ್ತವರು ಗುರುತು ಇಟ್ಟುಕೊಳ್ಳುತ್ತಾರಂತೆ. ಸಂತೋಷವಾದರೆ ಉಂಡು ಹೋಗುತ್ತಾರೆ, ಅವಮಾನವಾದರೆ ಆ ದನಿಯ ಬೆನ್ನು ಹಿಡಿದು ಕರೆದವಳ ಮನೆಗೇ ಬರುತ್ತಾರೆ.

"ಮನೆಯವರು ಹೊರಗೆ ಹಾಕಿದ್ದೋನೊಬ್ಬನ್ನ ಕೆಜಾಯಾ ಕೂಗಿಬಿಟ್ಲು. ಮನೆಯವರು ಬಾಯಿಬಿಟ್ಟು ಬಾ ಅಂದಿರಲಿಲ್ಲ, ಇವಳೇ ಕೂಗಿದ್ಲು. ಅವತ್ತಿಂದ ಅವಳ ಬಾಯಿ ಆಡ್ತಿತ್ತು, ದನಿ ಇರ್ಲಿಲ್ಲ. ಯಾವಾಗ್ಲೋ ಒಂದೊಂದ್ಸಲ ದನಿ ಬರ್ತಿತ್ತು. ಆದ್ರೆ ಗಂಡಸಿನ ದನಿ. ನಾನೇ ಗಂಜಿ ಕುಡಿಸ್ತಿದ್ದೆ. ಸಾಕು ಅಂತ ಆ ದನೀಲಿ ಹೇಳೋಳು."

ಇವತ್ತಿನ ಎಡೆ ಪ್ರೆಸ್ಟ್‌ವುಡ್ ಮನೆಯಲ್ಲಿ. ಯಜಮಾನಿ ಒಲಿವೆಟ್, ಚರ್ಚಿನ ಹಾಡಿನ ಗುಂಪನ್ನು ಕಣ್ಣಲ್ಲೇ ನಡೆಸುವ ಹೆಂಗಸು. ಸತ್ತವಳು ಅವಳ ತಾಯಿ. ಈ ಎಡೆ ಒಪ್ಪಿಗೆಯಾದರೆ ತಾಯಿ ಹಿರಿಯರ ಜೊತೆ ಸೇರುತ್ತಾಳೆ, ಇಲ್ಲದಿದ್ದರೆ ಹೊಸ್ತಿಲ ಆಚೆಯೂ ಅಲ್ಲ, ಈಚೆಯೂ ಅಲ್ಲ. ಒಲಿವೆಟ್ ನಲವತ್ತು ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಅಡುಗೆಮನೆಯಲ್ಲಿ ತಾಯಿಯ ಚಪ್ಪಲಿ ಎಳೆಯುವ ಸದ್ದು ಕೇಳಿಸುತ್ತದೆ ಎಂದು ರೆಮಿಯ ಹತ್ತಿರ ಮಾತ್ರ ಹೇಳಿಕೊಂಡಿದ್ದಾಳೆ.

ಗುಂಡಿಯ ಪಕ್ಕ ಕೂತು ರೆಮಿ ಒಂದೊಂದೇ ಹೆಸರು ಕರೆದು, ನೀರು ಬಿಟ್ಟು, ಅನ್ನ, ಅಲಸಂದೆ, ಬಾಳೆಕಾಯಿ ಹಾಕುತ್ತಾಳೆ. ಹಡಗಿನಿಂದ ಇಳಿದ ಕೇಟೋ ಪ್ರೆಸ್ಟ್‌ವುಡ್ಡನವರೆಗೂ ಯಾವ ತೊಡಕೂ ಇಲ್ಲ. ಆಮೇಲೆ ಅಡಿಕೆಯಂಥ ಎರಡು ಕೋಲಾ ಕಾಯಿ ಸೀಳಿ ನಾಲ್ಕು ಹೋಳು ಎಸೆಯುತ್ತಾಳೆ. ಎರಡು ಅಂಗಾತ, ಎರಡು ಬೋರಲು ಬಿದ್ದರೆ ಸತ್ತವರ ಒಪ್ಪಿಗೆ. ನಾಲ್ಕೂ ಬೋರಲು ಬೀಳುತ್ತವೆ. ಮತ್ತೆ ಎಸೆಯುತ್ತಾಳೆ. ಮತ್ತೆ ನಾಲ್ಕೂ ಬೋರಲು.

ತಗಡಿನ ಸೂರಿನ ಮೇಲೆ ರಣಹದ್ದುಗಳು ಸಾಲಾಗಿ ಕೂತಿವೆ. ಅವು ಇಳಿದು ಮುಟ್ಟುವವರೆಗೆ ಮನೆಯವರು ತುತ್ತು ಎತ್ತುವಂತಿಲ್ಲ. ಒಂದೂ ಕದಲುವುದಿಲ್ಲ. ಕೆಳಗಿನ ಎಡೆಯ ಕಡೆಗೆ ನೋಡದೆ, ಎಲ್ಲವೂ ಬೀದಿಯ ಗೇಟಿನ ಕಡೆಗೆ ಕತ್ತು ತಿರುಗಿಸಿ ಕೂತಿವೆ.

"ಅಲಸಂದೆಗೆ ಉಪ್ಪು ಕಮ್ಮಿ ಆಗಿರ್ಬೇಕು," ಎಂದು ಹಿಂದಿನಿಂದ ಯಾರೋ ನಗಿಸಲು ನೋಡುತ್ತಾರೆ.

"ಯಾರನ್ನ ಬಿಟ್ಟೆ ನೀನು?" ಒಲಿವೆಟ್ ಹಲ್ಲು ಕಚ್ಚಿ ಕೇಳುತ್ತಾಳೆ.

"ನಂಗೆ ಗೊತ್ತಿರೋ ಯಾರನ್ನೂ ಬಿಟ್ಟಿಲ್ಲಮ್ಮಾ."

ಆಗ ಬಾಯಿಬಿಟ್ಟವಳು ಡೆಲ್ಫೀನ್. ಒಲಿವೆಟ್ಟಳ ಚಿಕ್ಕಪ್ಪನ ಮಗಳು, ಎಡೆಗೆಂದೇ ಲಂಡನ್ನಿನಿಂದ ಬಂದವಳು. ಪ್ರೆಸ್ಟ್‌ವುಡ್ಡರು ಎಲ್ಲಿಂದ ಬಂದವರು, ಹೇಗೆ ಬಂದವರು ಎಂದು ಹಳೆಯ ಕಾಗದಪತ್ರ ಹುಡುಕುತ್ತ ವರ್ಷಗಟ್ಟಲೆ ನೋವಾ ಸ್ಕೋಶಿಯಾದ ಹ್ಯಾಲಿಫ್ಯಾಕ್ಸಿನಲ್ಲಿ, ಲಂಡನ್ನಿನಲ್ಲಿ ಅಲೆದವಳು. "ಒಂದು ಹೆಸರು ನಾನೇ ಹೇಳಿರ್ಲಿಲ್ಲ ಅಕ್ಕ. ನಾಚಿಕೆ ಆಯ್ತು. ಕೇಟೋ ತಾತಂಗೆ ಇನ್ನೊಬ್ಬಳು ಮಗಳಿದ್ಲು. ಮಿಂಬಾ ಅಂತ."

ಅವಳು ಹೇಳಿದ್ದು ಇಷ್ಟು: ಹಿಮದ ಊರಿನಲ್ಲಿ ಹೊಟ್ಟೆಗಿಲ್ಲದ ಒಂದು ಚಳಿಗಾಲ. ರಾಜನಿಗೆ ನಿಷ್ಠರಾಗಿದ್ದ ಬಿಳಿಯರಿಗೆ ಒಳ್ಳೆಯ ಜಮೀನು ಸಿಕ್ಕಿತ್ತು, ಕೇಟೋನಂಥವರಿಗೆ ಬರೀ ಬಂಡೆ. ಮಗು ಬದುಕಲಿ ಎಂದು ಅಪ್ಪ ಅಮ್ಮ ಅವಳನ್ನು ಅಂಥ ಬಿಳಿಯನೊಬ್ಬನ ಮನೆಗೆ ಊಟದ ಕರಾರಿನ ಮೇಲೆ ಕೆಲಸಕ್ಕೆ ಬಿಟ್ಟರು. ಆಫ್ರಿಕಾಕ್ಕೆ ಹಡಗು ಹೊರಟಾಗ ವಾಪಸು ಕೇಳಿದರು. ಕರಾರು ಮುಗಿದಿಲ್ಲ ಎಂದ ಅವನು.

"ಸುಳ್ಳು," ಎನ್ನುತ್ತಾಳೆ ಒಲಿವೆಟ್. "ಕೇಟೋ ಪ್ರೆಸ್ಟ್‌ವುಡ್ ಮಗು ಬಿಟ್ಟು ಬರೋ ಮನುಷ್ಯ ಅಲ್ಲ. ಅವನ ಹೆಸರು ಚರ್ಚಿನ ಗೋಡೆ ಮೇಲಿದೆ!"

"ಹಡಗು ಕಾಯತ್ತಾ ಅಕ್ಕ? ಹೆಂಡತಿ ಹೊಟ್ಟೇಲಿ ಇನ್ನೊಂದಿತ್ತು. ಹತ್ತಿದ್ರು. ಆ ಇನ್ನೊಂದರ ವಂಶ ನಾವು."

ಅಂಗಳದಲ್ಲಿದ್ದವರೆಲ್ಲ ರೆಮಿಯ ಕಡೆ ತಿರುಗುತ್ತಾರೆ. ಹಿಮದಲ್ಲಿ ಬಿಟ್ಟು ಬಂದ ಮಗು ಇಷ್ಟು ತಲೆಮಾರು ಕಾದು ಎಷ್ಟು ಮುನಿದಿರಬೇಕು, ಕರೆದ ದನಿಯನ್ನು ಏನು ಮಾಡೀತು ಎಂದು ಅವಳಿಗೆ ಹೇಳಿಕೊಡಬೇಕಾಗಿಲ್ಲ. ಕರೆಯದೆ ಎದ್ದು ಹೋದರೂ ಯಾರೂ ತಡೆಯುವುದಿಲ್ಲ.

ರೆಮಿಯೂ ಹಾಗೆ ಕೊಟ್ಟುಹೋದ ಮಗುವೇ. ಮಳೆ ಕೈಕೊಟ್ಟ ವರ್ಷ ತಾಯಿ ಒಳನಾಡಿನಿಂದ ಲಾರಿಯಲ್ಲಿ ಕರೆತಂದು ಫ್ರೀಟೌನಿನ ದೊಡ್ಡ ಮನೆಯೊಂದರ ಜಗಲಿಯಲ್ಲಿ ಕೂರಿಸಿ, ಸಂತೆಗೆ ಹೋಗಿ ಬರುತ್ತೇನೆ ಎಂದಳಂತೆ. ಆ ಮನೆಯವರು ಹೊಟ್ಟೆಗೆ ಕಡಿಮೆ ಮಾಡಲಿಲ್ಲ. ರೆಮಿಲೆಕುನ್ ಎಂಬ ಹೆಸರೂ ಅವರದೇ. "ಮುಂಚಿನ ಹೆಸರು ಒಂದಷ್ಟು ದಿನ ನೆನಪಿತ್ತು," ಎನ್ನುತ್ತಾಳೆ. "ಒಂದಿನ ಬೆಳಗ್ಗೆ ಎದ್ದೆ, ಇರ್ಲಿಲ್ಲ."

ರೆಮಿ ಎಡೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಾಳೆ. "ಊಟಕ್ಕೆ ಬಾ ಅಂದ್ರೆ ಅದು ಬರಲ್ಲ. ಊಟಕ್ಕೋಸ್ಕರಾನೇ ಕೊಟ್ಟುಬಿಟ್ರಲ್ಲ ಅದನ್ನ."

ಎದ್ದು ಗೇಟಿನ ಹತ್ತಿರ ಹೋಗಿ ಅಗುಳಿ ತೆಗೆದು, ಬರೀ ನೀರು ಬಿಟ್ಟು ಕೂಗುತ್ತಾಳೆ. "ಮಿಂಬಾ! ಮನೆಗೆ ಬಾ." ಧೂಳು ಬಿಟ್ಟರೆ ಬೀದಿಯಲ್ಲಿ ಏನೂ ಇಲ್ಲ. ಮತ್ತೊಮ್ಮೆ ಕೂಗುವಾಗ ದನಿ ಒಡೆಯುತ್ತದೆ. ಮೂರನೇ ಸಲ ಬಾಯಿ ಆಡುತ್ತದೆ, ಸದ್ದಿಲ್ಲ. ಕೆಜಾಯಾಳ ಕಥೆ ಗೊತ್ತಿದ್ದ ಹೆಂಗಸರು ಹೊದ್ದ ಬಟ್ಟೆಯ ಅಂಚಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ರೆಮಿ ಗಂಟಲು ಹಿಡಿದುಕೊಂಡು, ಇನ್ನು ಮನೆಯವರೇ ಕರೆಯಬೇಕು ಎಂಬಂತೆ ಒಲಿವೆಟ್ಟಳನ್ನೇ ನೋಡುತ್ತಾಳೆ.

ಒಲಿವೆಟ್ ಇಸ್ತ್ರಿ ಮಾಡಿದ ಕಪ್ಪು ಲಂಗದಲ್ಲೇ ಗೇಟಿನ ಮಣ್ಣಿನಲ್ಲಿ ಮಂಡಿಯೂರುತ್ತಾಳೆ. "ಮಿಂಬಾ, ಮನೆಗೆ ಬಾರಮ್ಮಾ. ನಾವು ಬಿಟ್ಟು ಬಂದ್ವಿ. ನಾವೇ ಬಿಟ್ಟು ಬಂದ್ವಿ. ತಪ್ಪಾಯ್ತು."

ಮುಂದೆ ನಡೆದದ್ದರ ಬಗ್ಗೆ ಒಬ್ಬೊಬ್ಬರದು ಒಂದೊಂದು ಮಾತು. ಗೇಟಿನ ಆಚೆ ಯಾರೋ ಸಣ್ಣದಾಗಿ 'ಓ' ಅಂದದ್ದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ. ಯಾರ ಮನೆಯ ಮಗುವೋ ಇರಬೇಕು ಎಂದು ಡೆಲ್ಫೀನ್ ಹೊರಗೆ ಓಡಿ ನೋಡಿದಳು. ಬೀದಿ ಖಾಲಿ. ಅವಳ ಬೆನ್ನ ಹಿಂದೆ ಸೂರಿನ ಮೇಲಿನ ಹದ್ದುಗಳೆಲ್ಲ ಒಟ್ಟಿಗೆ ರೆಕ್ಕೆ ಬಿಚ್ಚಿ ಎಡೆಯತ್ತ ಇಳಿದವು.

ಆ ಸಂಜೆ ಒಲಿವೆಟ್ ಕೂತಲ್ಲೇ ನಿದ್ದೆ ಹೋಗುತ್ತಾಳೆ. ಮಾರನೆಯ ದಿನ ರೆಮಿ ತನ್ನ ಕೋಣೆಯ ಬಾಗಿಲಲ್ಲಿ ಶುಂಠಿ ಕಷಾಯ ಕುಡಿಯುತ್ತ ಕೂತಿದ್ದಾಳೆ. ದನಿ ಕರಕರ ಎನ್ನುತ್ತದೆ, ಆದರೆ ಅವಳದೇ ದನಿ. ಮುಂದೆ ನೀನು ಸತ್ತ ಮೇಲೆ ನಿನ್ನನ್ನು ಕರೆಯುವವರು ಯಾರು ಎಂದು ಕೇಳಿದರೆ ನಗುತ್ತಾಳೆ.

"ಕರೆಯೋಕೆ ಬೇಕಾದಷ್ಟು ಜನ ಇದಾರೆ. ಒಲಿವೆಟ್ಟೂ ಕೂಗ್ತೀನಿ ಅಂದಿದಾಳೆ. ರೆಮೀ ಅಂತಾರೆ, ಬರ್ತೀನಿ, ಉಣ್ತೀನಿ, ಬೇಡ ಅನ್ನಲ್ಲ." ಲೋಟದ ತಳದಲ್ಲಿದ್ದುದನ್ನು ಗುಟುಕರಿಸುತ್ತಾಳೆ. "ನಮ್ಮಮ್ಮ ಮಾತ್ರ ಆ ಹಳೇ ಹೆಸರಲ್ಲಿ ಒಂದ್ಸಲ ಕೂಗ್ಲಿ. ನಂಗೆ ನೆನಪಿಲ್ದಿದ್ರೆ ಏನಂತೆ? ಕೇಳಿದ ಕೂಡ್ಲೇ ಓ ಅಂತೀನಿ."