ಹನ್ನೊಂದು ಮನೆಯ ಸೋರೆ ಬಳ್ಳಿ

ತಪ್ಪು ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಹನ್ನೊಂದು ಮನೆಯ ಬಾಗಿಲು ತಟ್ಟಿ, ತಪ್ಪು ನನ್ನದು ಎಂದು ಹೇಳಿಬಂದವನು ನಮ್ಮ ಕಡೆ ಒಬ್ಬನೇ. ಅದಕ್ಕೇ ಮೀಟರಣ್ಣನ ವಿಷಯ ಬರೆಯಬೇಕು ಅನ್ನಿಸಿತು. ಹೇಳುವುದಕ್ಕೆ ಅವನು ತಡ ಮಾಡಿದ. ಅದನ್ನೂ ಬರೆಯಬೇಕು.

ಮನೆಮನೆಗೆ ಹೋಗಿ ಕರೆಂಟ್ ಮೀಟರ್ ನೋಡಿ ಬಿಲ್ ಕೊಡುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಬೀದಿಗಳು. ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರದು ಬರೀ ಬೊಗಳುತ್ತದೆ, ಎಲ್ಲ ಗೊತ್ತು. ಅವನ ಮನೆಯ ಹಿಂದೆ ಎರಡು ಮಂಚ ಹಾಕುವಷ್ಟು ಜಾಗವಿತ್ತು. ಅಲ್ಲಿ ತರಕಾರಿ ಬೆಳೆಯಲು ಹೊರಟ. ಮೊದಲ ವರ್ಷ ಟೊಮೆಟೊ ಕೊಳೆಯಿತು. ಎರಡನೇ ವರ್ಷ ಬದನೆಗೆ ಹುಳ ಬಿತ್ತು, ಬೀನ್ಸ್ ಗಿಡಗಳನ್ನು ಬಸವನಹುಳುಗಳು ಬೋಳಿಸಿಬಿಟ್ಟವು. ನಿಮ್ಮ ತೋಟ ನಂಬಿಕೊಂಡರೆ ಉಪವಾಸವೇ ಗತಿ ಎಂದು ಹೆಂಡತಿ ನಕ್ಕು, ಚೀಲ ಹಿಡಿದು ಅಂಗಡಿಗೆ ಹೋಗುತ್ತಿದ್ದಳು.

ಮೂರನೇ ವರ್ಷ ಸೋರೆ ಬಳ್ಳಿ ಅವನ ಕೈ ಹಿಡಿಯಿತು. ತೋಳುದ್ದದ ಕಾಯಿ, ಬೆಣ್ಣೆಯಂಥ ತಿರುಳು. ಕಂಡವರೆಲ್ಲ ಹೊಗಳಿದರು. ಮೀಟರ್ ನೋಡಲು ಹೋದರೆ ಜನ ಬಿಲ್ಲಿನ ಮಾತು ಬಿಟ್ಟು ಗೊಬ್ಬರದ ಮಾತು ತೆಗೆಯುತ್ತಿದ್ದರು. ಹೊಗಳಿಕೆಗೆ ಅವನಿಗೂ ನೆಲ ಸ್ವಲ್ಪ ಕಾಣದಾಯಿತು.

ಅದೇ ವರ್ಷ ಬೇಲಿಯ ಮೇಲೆ ಇನ್ನೊಂದು ಬಳ್ಳಿ ಹಬ್ಬಿಸಿದ್ದ. ಅದು ತಿನ್ನುವ ಜಾತಿಯಲ್ಲ, ಒಣಗಿಸಿ ಬುರುಡೆ ಮಾಡಿ ತೂಗುಹಾಕುವ ಕಹಿ ಸೋರೆ. ನೋಡಲು ಚೆಂದ ಎಂದು ಯಾರೋ ಕೊಟ್ಟಿದ್ದರು. ಎರಡು ಬಳ್ಳಿಯೂ ಒಟ್ಟಿಗೆ ಹೂ ಬಿಟ್ಟವು. ಹುಳಹುಪ್ಪಟೆ ಇದರಿಂದ ಅದಕ್ಕೆ ಹಾರಾಡಿದವು. ಹೀಗೆ ಬೆರೆತರೂ ಆ ವರ್ಷದ ಕಾಯಿಯ ರುಚಿ ಕೆಡುವುದಿಲ್ಲ. ಅದರ ಬೀಜ ಹಾಕಿದರೆ ಮುಂದಿನ ಬಳ್ಳಿಯಲ್ಲಿ ಕಹಿ ಬರುತ್ತದೆ. ಇದು ಅವನಿಗೆ ಗೊತ್ತಿರಲಿಲ್ಲ. ದಪ್ಪದೊಂದು ಕಾಯಿಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಅಲ್ಲಾಡಿಸಿ ಬೀಜದ ಸದ್ದು ಕೇಳಿ ಒಡೆದ. ಹಳೇ ಕ್ಯಾಲೆಂಡರ್ ಹರಿದು ಪೊಟ್ಟಣ ಕಟ್ಟಿ ಹನ್ನೊಂದು ಮನೆಗೆ ಐದೈದು ಬೀಜ ಹಂಚಿದ. ಹಾಕುವುದು ಹೇಗೆ, ಚಪ್ಪರ ಕಟ್ಟುವುದು ಹೇಗೆ ಎಂದು ಪಾಠವನ್ನೂ ಮಾಡಿದ.

"ನೀವು ಹೋಗೋದು ಮೀಟರ್ ನೋಡೋಕೋ, ಮೇಷ್ಟ್ರ ಕೆಲಸಕ್ಕೋ?" ಎಂದಳು ಹೆಂಡತಿ.

ಮುಂದಿನ ವರ್ಷ ಅದೇ ಬೀಜದಿಂದ ಬೆಳೆದ ತನ್ನ ಬಳ್ಳಿಯ ಮೊದಲ ಕಾಯಿಯ ಪಲ್ಯ ಮಾಡಿಸಿದ. ಮೊದಲ ತುತ್ತಿಗೇ ಗಂಡ ಹೆಂಡತಿ ಇಬ್ಬರೂ ಉಗಿದರು. ಅಂಥ ಕಹಿ. ಕಹಿ ಸೋರೆ ಹೊಟ್ಟೆಗೆ ಹೋದರೆ ಜೀವಕ್ಕೇ ಕುತ್ತು ಬರುತ್ತದೆ ಎಂದು ಅವಳ ತಾಯಿ ಹೇಳುತ್ತಿದ್ದರಂತೆ. ಬೀಜ ಕೊಟ್ಟವರಿಗೆಲ್ಲ ಈಗಲೇ ಹೋಗಿ ಹೇಳಿಬನ್ನಿ ಎಂದಳು.

"ನೀರು ಸಾಲದೆ ಹಾಗಾಗಿರುತ್ತೆ. ಒಂದು ಕಾಯಿಗೆ ಊರೆಲ್ಲ ಡಂಗುರ ಹೊಡೀಬೇಕಾ?" ಎಂದ.

ಎರಡನೇ ಕಾಯಿಯನ್ನು ತಾನೇ ಕುಯ್ದು ಒಂದು ಚೂರು ನಾಲಿಗೆಗೆ ಮುಟ್ಟಿಸಿದ. ಅದೂ ಕಹಿ. ಹೆಂಡತಿಗೆ ಕಾಣದ ಹಾಗೆ ಮಣ್ಣಿನಲ್ಲಿ ಹೂತುಬಿಟ್ಟ. ಹೇಳಬೇಕೆಂದು ಗೊತ್ತಿತ್ತು, ಕಾಲು ಏಳಲಿಲ್ಲ. ಹೊಗಳಿದ ಬಾಯಿಗಳೇ ನಗುತ್ತವಲ್ಲ ಎಂದು ಅಳುಕು. ಹೇಗೂ ಬಿಲ್ ಕೊಡಲು ಹೋಗಬೇಕು, ಆಗ ಹೇಳಿದರಾಯಿತು ಎಂದು ಹತ್ತು ದಿನ ತಳ್ಳಿದ.

ಮೀಟರ್ ನೋಡುವ ದಿನ ಬಂತು. ಅವನಿಂದ ಬೀಜ ಪಡೆದಿದ್ದ ದರ್ಜಿಯ ಮನೆಯಲ್ಲಿ ಹೊಲಿಗೆ ಯಂತ್ರದ ಪಕ್ಕದ ಮಂಚದ ಮೇಲೆ ದರ್ಜಿಯ ತಾಯಿ ಮಲಗಿದ್ದರು. ಸೂಜಿ ಚುಚ್ಚಿದ ಕೈಗೆ ಇನ್ನೂ ಹತ್ತಿ ಅಂಟಿಕೊಂಡಿತ್ತು. ವಾಂತಿಯಲ್ಲಿ ರಕ್ತ ಬಂದು ಮೂರು ದಿನ ಆಸ್ಪತ್ರೆಯಲ್ಲಿದ್ದರು, ಇವತ್ತು ಬೆಳಿಗ್ಗೆ ಕರೆತಂದೆ, ಯಾತರಿಂದ ಅಂತ ಡಾಕ್ಟರಿಗೂ ತಿಳಿಯಲಿಲ್ಲ ಎಂದು ದರ್ಜಿ ಯಂತ್ರ ತುಳಿಯುತ್ತಲೇ ಹೇಳಿದ. ಏನು ತಿಂದಿದ್ದಿರಿ ಅಮ್ಮ ಎಂದು ಮೀಟರಣ್ಣ ಕೇಳಿದ.

"ನಿನ್ನ ಸೋರೆಕಾಯೇ ಕಣಪ್ಪ. ಅವತ್ತು ಮನೇಲಿ ಯಾರೂ ಇರ್ಲಿಲ್ಲ, ಒಬ್ಬಳಿಗೇ ಬೇಯಿಸ್ಕೊಂಡೆ. ಕಹಿ ಅನ್ನಿಸ್ತು. ನೀನು ಕೊಟ್ಟ ಬೀಜ ಕೆಟ್ಟದಿರುತ್ತಾ, ನನ್ನ ನಾಲಿಗೇನೇ ಸತ್ತಿದೆ ಅಂತ ಪೂರ್ತಿ ತಿಂದೆ. ಇನ್ನೊಂದು ಬಲಿತಿದೆ ನೋಡು, ನಾಳೆ ಮೊಮ್ಮಕ್ಕಳಿಗೆ ಮಾಡಿಸ್ಬೇಕು."

ಅವನು ಬಿಲ್ ಹರಿದು ಮೇಜಿನ ಮೇಲಿಟ್ಟ. ಹೊರಗೆ ಬಂದು ಗೇಟಿನ ತನಕವೂ ಹೋದ. ಆ ಬಲಿತ ಕಾಯಿ ಗೇಟಿನ ಪಕ್ಕದಲ್ಲೇ ಜೋತಾಡುತ್ತಿತ್ತು, ಹಸಿರಾಗಿ, ನುಣ್ಣಗೆ, ಯಾರಾದರೂ ಆಸೆಪಡುವ ಹಾಗೆ. ಮುಂದೆ ಹೋಗಲು ಆಗಲಿಲ್ಲ. ತಿರುಗಿ ಒಳಗೆ ಬಂದ.

"ಅಮ್ಮ, ನಿಮ್ಮ ನಾಲಿಗೆ ಸರಿಯಾಗೇ ಇದೆ. ಬೀಜಾನೇ ಕೆಟ್ಟದ್ದು. ನನಗೆ ಮೊದಲೇ ಗೊತ್ತಿತ್ತು."

ಯಂತ್ರ ನಿಂತಿತು. "ಯಾವಾಗಿಂದ?" ಎಂದ ದರ್ಜಿ.

"ಹತ್ತು ದಿನ ಆಯ್ತು."

ದರ್ಜಿ ಎದ್ದ. ಬಟ್ಟೆ ಬಿಟ್ಟು ಬೇರೇನಕ್ಕೂ ಮುಟ್ಟಿಸದ ತನ್ನ ದೊಡ್ಡ ಕತ್ತರಿ ತೆಗೆದು ಮುಂದೆ ಚಾಚಿದ. ಮೀಟರಣ್ಣ ಅದನ್ನು ತೆಗೆದುಕೊಂಡು ಹೋಗಿ ಬುಡದಲ್ಲೇ ಬಳ್ಳಿ ಕತ್ತರಿಸಿದ.

ಉಳಿದ ಹತ್ತು ಮನೆಗೂ ಅಂದೇ ಹೋದ. ಎಲ್ಲ ಕಡೆ ಹತ್ತು ದಿನದ ಮಾತನ್ನೂ ಸೇರಿಸಿಯೇ ಹೇಳಿದ. ಮೂರು ಮನೆಯವರು ಕಾಯಿ ಕಹಿ ಎಂದು ಆಗಲೇ ಎಸೆದಿದ್ದರು, ಇವನ ಮನಸ್ಸಿಗೆ ನೋವಾದೀತು ಎಂದು ಸುಮ್ಮನಿದ್ದರಂತೆ. ಅದನ್ನು ಕೇಳಿ ಅವನು ಇನ್ನೂ ಕುಗ್ಗಿಹೋದ. ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ಮುಖದ ಮೇಲೇ ಬಾಗಿಲು ಹಾಕಿದಳು. ನಿವೃತ್ತ ಗುಮಾಸ್ತರು, "ಏನಯ್ಯಾ, ಬಳ್ಳಿಗೂ ರೀಡಿಂಗ್ ತಪ್ಪಾಗುತ್ತಾ?" ಎಂದು ಬೀದಿಗೆ ಕೇಳುವ ಹಾಗೆ ನಕ್ಕರು. ಕೊನೆಯ ಮನೆಯಾಕೆ, ಇಷ್ಟು ಚೆಂದದ ಕಾಯಿ ಕೀಳಿಸೋದಿಲ್ಲ ಎಂದು ಹಟ ಹಿಡಿದಳು. ಅವನು ಒಂದು ಚೂರು ಕುಯ್ದು, ಅವಳೆದುರೇ ನಾಲಿಗೆಗಿಟ್ಟು ಉಗಿದು ತೋರಿಸಬೇಕಾಯಿತು.

ದರ್ಜಿಯ ತಾಯಿ ಚೇತರಿಸಿಕೊಂಡರು. ಈಗಲೂ ಮೀಟರಣ್ಣನನ್ನು ಒಳಗೆ ಕರೆದು ಕೂರಿಸುತ್ತಾರೆ, ಅವನಿಗೆ ಅವರ ಮುಖ ನೋಡಲು ಆಗುವುದಿಲ್ಲ. ದರ್ಜಿ ಬಿಲ್ ತೆಗೆದುಕೊಳ್ಳುತ್ತಾನೆ, ಮಾತಾಡುವುದಿಲ್ಲ. ಅವನ ಸಿಟ್ಟು ನ್ಯಾಯವೇ ಎನ್ನುತ್ತಾನೆ ಮೀಟರಣ್ಣ. ತೋಟ ಬಿಟ್ಟಿಲ್ಲ, ಈ ಸಲ ಬೆಂಡೆ ಚೆನ್ನಾಗಿ ಬಂದಿದೆ. ಬೀಜ ಮಾತ್ರ ಯಾರಿಗೂ ಕೊಡುವುದಿಲ್ಲ.

ಸೋರೆ, ಸೌತೆ ಬೆಳೆಯುವವರು ಒಮ್ಮೆ ಅವನನ್ನು ಹೋಗಿ ನೋಡಿ. ಭಾನುವಾರ ಬೆಳಿಗ್ಗೆ ಮನೆಯ ಹಿಂದೆಯೇ ಇರುತ್ತಾನೆ. ಅಡುಗೆಗೆ ಮೊದಲು ಹಸಿ ಚೂರನ್ನು ನಾಲಿಗೆಗೆ ಮುಟ್ಟಿಸಿ ಉಗಿಯುವುದು ಹೇಗೆಂದು ತೋರಿಸುತ್ತಾನೆ. ಹತ್ತು ದಿನದ ವಿಷಯ ನೀವು ಕೇಳದಿದ್ದರೂ ಅವನೇ ಹೇಳುತ್ತಾನೆ. ಹೇಳುವಾಗ ತಲೆ ತಗ್ಗಿಸುತ್ತಾನೆ. ಆಗ ಪರವಾಗಿಲ್ಲ ಬಿಡಿ ಎನ್ನಬೇಡಿ. ಸುಮ್ಮನೆ ಕೇಳಿಸಿಕೊಳ್ಳಿ.